ನಾನು ಬರೆದ ಹೊಟ್ಟೆನೋವು

ಆ ಆಸ್ಪತ್ರೆಯಲ್ಲಿ ‘ಹೊಟ್ಟೆನೋವು’ ಎಂದು ಬರೆಯುವ ಪದ್ಧತಿ ಶುರುಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೈಯಲಿರುವವರ ಪಟ್ಟಿ ಉದ್ದವಿದೆ, ಅದರಲ್ಲಿ ಮೊದಲ ಹೆಸರು ನನ್ನದೇ ಇರಲಿ.

ಆಸ್ಪತ್ರೆ ಇದ್ದದ್ದು ಶಿವಮೊಗ್ಗದ ವಿನೋಬನಗರದಲ್ಲಿ. ಸರ್ಕಾರದ್ದಲ್ಲ, ಒಂದು ಟ್ರಸ್ಟಿನದು. ನಾನು ಅಲ್ಲಿ ಕ್ಯಾಶುಯಲ್ಟಿಯ ಹಿರಿಯ ಸಿಸ್ಟರ್. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಕರೆತಂದಿದ್ದರು. ತನ್ನ ಜೀವಕ್ಕೆ ತಾನೇ ಅಪಾಯ ಮಾಡಿಕೊಂಡಿದ್ದ. ನಾನು ಕೇಸ್ ಶೀಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಿಯಮದಂತೆ ಪೊಲೀಸ್ ಠಾಣೆಗೆ ಚೀಟಿ ಹೋಯಿತು. ಸಾಯಲು ಹೊರಟು ಬದುಕುಳಿದರೆ ಆಗಿನ ಕಾನೂನಿನಲ್ಲಿ ಅದು ಅಪರಾಧ. ಹುಡುಗನಿಗೆ ಎಚ್ಚರ ಬಂದಾಗ ಮೊದಲು ಕಂಡದ್ದು ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ ಖಾಕಿ ಬಟ್ಟೆ. ಅಪ್ಪನನ್ನು ಠಾಣೆಗೆ ಅಲೆಸಿದರು. ವಿಷಯ ಶಾಲೆಗೆ ಮುಟ್ಟಿ, ಅಲ್ಲಿಯವರು ಟಿ.ಸಿ. ಕೊಟ್ಟು ಕೈತೊಳೆದುಕೊಂಡರು. ಬದುಕಿಸಿ ಕಳಿಸಿದ ಮಗುವನ್ನು ಊರೆಲ್ಲ ಸೇರಿ ಮತ್ತೆ ಹೊಡೆದ ಹಾಗಾಯಿತು.

ಅದಾದ ಮೇಲೆ ಅಂಥದೇ ಇನ್ನೊಂದು ಕೇಸಿನಲ್ಲಿ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, “ಸಿಸ್ಟರೇ, ಹೆಣ್ಣುಮಗು, ನಾಳೆ ಯಾರು ಕಟ್ಕೋತಾರೆ ಇವಳನ್ನ” ಎಂದು ಅತ್ತಳು. ಆಗ ನಾನೇ ಹೇಳಿಕೊಟ್ಟೆ. “ಯಾರು ಕೇಳಿದ್ರೂ ಹೊಟ್ಟೆನೋವು ಅನ್ನಿ, ವಾಂತಿ ಆಯ್ತು ಅನ್ನಿ. ಬೇರೆ ಏನೂ ಬಾಯಿ ಬಿಡಬೇಡಿ.” ಚಿಕಿತ್ಸೆ ಸರಿಯಾಗಿಯೇ ಕೊಟ್ಟೆವು. ಕಾಗದದಲ್ಲಿ ಮಾತ್ರ ಹೊಟ್ಟೆನೋವು. ಡ್ಯೂಟಿ ಡಾಕ್ಟರು ನನ್ನ ಮುಖ ನೋಡಿ ಸುಮ್ಮನೆ ಸಹಿ ಹಾಕಿದರು. ನನ್ನ ಕೈಕೆಳಗೆ ಕಲಿತ ಸಿಸ್ಟರುಗಳೆಲ್ಲ ಅದನ್ನೂ ಕಲಿತರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಸಂಕ್ರಾಂತಿ ಮುಗಿದ ವಾರ ಬೆಂಗಳೂರಿನಿಂದ ಒಬ್ಬ ಯುವಕ ಡಾಕ್ಟರು ಎರಡು ರಟ್ಟಿನ ಪೆಟ್ಟಿಗೆ ತುಂಬ ಫಾರಂ ಹೊತ್ತುಕೊಂಡು ಬಂದರು. ಹತ್ತಾರು ದೇಶಗಳ ಹದಿಹರೆಯದ ಮಕ್ಕಳ ಸರ್ವೆಯಂತೆ. ತಮಗೆ ತಾವೇ ಅಪಾಯ ಮಾಡಿಕೊಳ್ಳುವ ಮಕ್ಕಳು ಯಾವ ದೇಶದಲ್ಲಿ ಎಷ್ಟು, ಎಲ್ಲಿ ಹೆಚ್ಚುತ್ತಿದೆ, ಎಲ್ಲಿ ಕಡಿಮೆಯಾಗುತ್ತಿದೆ ಎಂದು ಲೆಕ್ಕ ಹಾಕುವುದು. ನಮ್ಮ ಆಡಳಿತಾಧಿಕಾರಿಗಳು ಖುಷಿಯಿಂದ ಒಪ್ಪಿಕೊಂಡಿದ್ದರು, ಹೊರದೇಶದಲ್ಲಿ ಅಚ್ಚಾಗುವ ವರದಿಯ ಕೊನೆಯ ಪುಟದಲ್ಲಿ ಆಸ್ಪತ್ರೆಯ ಹೆಸರು ಬರುತ್ತದಲ್ಲ.

ಕೆಲಸ ನನ್ನ ತಲೆಗೆ ಬಿತ್ತು. ಹಿಂದಿನ ಒಂದು ವರ್ಷದಲ್ಲಿ ದಾಖಲಾದ, ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಎಲ್ಲರ ಕೇಸ್ ಶೀಟನ್ನು ರೆಕಾರ್ಡ್ ರೂಮಿನಿಂದ ತೆಗೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಫಾರಂ. ಕಾಯಿಲೆ, ಅಪಘಾತ, ತಾನೇ ಮಾಡಿಕೊಂಡದ್ದು, ಗೊತ್ತಿಲ್ಲ ಎಂಬ ನಾಲ್ಕು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಈಗ ವಾರ್ಡಿನಲ್ಲಿರುವ ಮಕ್ಕಳಾದರೆ ಇನ್ನೊಂದು ಉದ್ದದ ಫಾರಂ. ಅದರಲ್ಲಿ ಮಗುವನ್ನು ಮನೆಯವರಿಲ್ಲದ ಕಡೆ ಒಂಟಿಯಾಗಿ ಕೂರಿಸಿ ಕೇಳಬೇಕಾದ ಪ್ರಶ್ನೆಗಳಿದ್ದವು. ನಿನಗೆ ಒಂಟಿ ಅನ್ನಿಸುತ್ತದೆಯೇ? ನಿನಗೆ ನಿನ್ನದೇ ಮಲಗುವ ಕೋಣೆ ಇದೆಯೇ? ಬೇಸರವಾದಾಗ ನೀನು ಯಾರಿಗೆ ಫೋನ್ ಮಾಡುತ್ತೀಯೆ? ನಾನು ಓದಿ ನಕ್ಕೆ. ಏಳು ಜನ ಒಂದೇ ಚಾಪೆ ಹಂಚಿಕೊಂಡು ಮಲಗುವ ಮನೆಯ ಮಕ್ಕಳನ್ನು ಕೋಣೆ ಇದೆಯಾ ಎಂದು ಕೇಳಬೇಕಂತೆ.

ಮೊದಲ ಕಟ್ಟು ಮುಗಿಸಿಕೊಟ್ಟಾಗ ‘ತಾನೇ ಮಾಡಿಕೊಂಡದ್ದು’ ಎಂಬ ಮನೆಯ ಕೆಳಗೆ ಸೊನ್ನೆ. ಸರ್ವೆ ಡಾಕ್ಟರು ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ನನಗೆ ಒಂದು ನಕ್ಷೆ ತೋರಿಸಿದರು. ಶ್ರೀಮಂತ ದೇಶಗಳೆಲ್ಲ ಗಾಢ ಬಣ್ಣ. ನಮ್ಮದು ಇನ್ನೂ ತೆಳು.

“ನಿಮ್ ಕಡೆ ಪರವಾಗಿಲ್ಲ ಸಿಸ್ಟರ್. ಅಲ್ಲೆಲ್ಲ ಸ್ಕೂಲ್ ಮಕ್ಕಳಲ್ಲಿ ಇದು ದೊಡ್ಡ ಪ್ರಾಬ್ಲಂ. ನಮ್ಮಲ್ಲಿ ಫ್ಯಾಮಿಲಿ ಸಪೋರ್ಟ್ ಚೆನ್ನಾಗಿದೆ ಅನ್ಸುತ್ತೆ,” ಎಂದರು.

ನಾನು ಹೂಂ ಎಂದೆ. ಕೇಡುಗಾಲಕ್ಕೆ ಹೂಂ ಎಂದೆ.

ಫಾರಂನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಈ ಮಗು ಹಿಂದೆ ಇಲ್ಲಿ ದಾಖಲಾಗಿತ್ತೇ? ಅದಕ್ಕೆ ಅಡ್ಮಿಷನ್ ರಿಜಿಸ್ಟರ್ ಹಿಡಿದು ಹೆಸರು ತಾಳೆ ನೋಡಬೇಕು. ಸೋಮವಾರ ಮಧ್ಯಾಹ್ನ ನಾನು ಹೆಸರು, ಊರು ಗಟ್ಟಿಯಾಗಿ ಓದುತ್ತಿದ್ದೆ, ನಮ್ಮ ಆಯಾ ಪಕ್ಕದಲ್ಲಿ ಕೂತು ಹತ್ತಿ ಮಡಿಸುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಆದರೆ ಆ ಆಸ್ಪತ್ರೆಗೆ ಬಂದ ಒಂದು ಮುಖವನ್ನೂ ಅವಳು ಮರೆತದ್ದಿಲ್ಲ.

“ಕಾಗದನಗರದ ಹುಡುಗಿ ಅಲ್ವಾ ಸಿಸ್ಟರ್ ಅದು? ಎರಡು ಜಡೆ, ಎಡಗಲ್ಲದಲ್ಲಿ ಮಚ್ಚೆ. ಆಗಲೇ ಓದಿದ್ರಲ್ಲ, ಅದೂ ಅವಳೇ.”

“ಅದು ಬೇರೆ ಹೆಸರು ಮಾರಾಯ್ತಿ.”

“ಹೆಸರು ಬೇರೆ ಹೇಳಿರ್ತಾಳೆ ಅವರವ್ವ. ಹುಡುಗಿ ಒಂದೇ. ಮೂರು ಸಲ ಬಂದಿದಾಳೆ. ಮೂರು ಸಲನೂ ನಾನೇ ಅಲ್ವಾ ಬಟ್ಟೆ ಬದಲಾಯಿಸಿದ್ದು.”

ಮೂರು ಕೇಸ್ ಶೀಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೊದಲನೆಯದು ಜೂನ್ ಕೊನೆಯದು. ಎರಡನೆಯದು ದಸರಾ ಆದಮೇಲಿನದು. ಮೂರನೆಯದು ಸಂಕ್ರಾಂತಿಗೆ ಹತ್ತು ದಿನ ಮುಂಚಿನದು. ವಯಸ್ಸು ಹದಿನಾರು, ಊರು ಭದ್ರಾವತಿ, ತಂದೆಯ ಹೆಸರು ಮೂರರಲ್ಲೂ ಒಂದೇ. ಹೊಟ್ಟೆನೋವು, ವಾಂತಿ. ಹೊಟ್ಟೆನೋವು, ವಾಂತಿ. ಹೊಟ್ಟೆನೋವು, ವಾಂತಿ. ಮೊದಲನೆಯದು ನನ್ನ ಅಕ್ಷರ. ಇನ್ನೆರಡು ನಾನು ತಯಾರು ಮಾಡಿದ ಸಿಸ್ಟರುಗಳದು.

ನನಗೆ ಜೂನಿನ ದಿನ ನೆನಪಾಯಿತು. ಏನು, ಎಷ್ಟು ಎಂಬುದು ಇಲ್ಲಿ ಬೇಡ. ಹೊಟ್ಟೆನೋವಂತೂ ಆಗಿರಲಿಲ್ಲ. ಎರಡೇ ದಿನದಲ್ಲಿ ಸುಧಾರಿಸಿಕೊಂಡಳು, ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಿದೆವು. ಯಾಕಮ್ಮ ಹೀಗೆ ಮಾಡಿಕೊಂಡೆ ಎಂದು ನಾನು ಕೇಳಲಿಲ್ಲ. ಅಥವಾ ತಾಯಿಯ ಎದುರು ಕೇಳಿದ್ದೆ, ಹುಡುಗಿ ತಾಯಿಯ ಮುಖ ನೋಡಿದ್ದಳು. ಅಷ್ಟಕ್ಕೇ ಬಿಟ್ಟೆ.

ಮೂರನೆಯ ಕೇಸ್ ಶೀಟಿನ ಹಿಂಬದಿ ತಿರುಗಿಸಿ ಓದಿದೆ. ಆ ಸಲ ರಾತ್ರಿಯ ಚಿಕಿತ್ಸೆ ಮುಗಿದ ಮೇಲೆ ಬೆಳಿಗ್ಗೆ ಡ್ಯೂಟಿಗೆ ಬಂದವರು ಹೊಸದಾಗಿ ಸೇರಿದ ಡಾಕ್ಟರು. ಅವರಿಗೆ ನಮ್ಮ ಪದ್ಧತಿಯನ್ನು ಯಾರೂ ಹೇಳಿರಲಿಲ್ಲ. ಅವರು ಪ್ರಾಮಾಣಿಕವಾಗಿ ತಾಯಿಯನ್ನು ಕೇಳಿದ್ದಾರೆ, ಹಿಂದೆಯೂ ಹೀಗೆ ಹೊಟ್ಟೆನೋವು ಬಂದಿತ್ತಾ ಎಂದು. ತಾಯಿ ನಾವು ಕಲಿಸಿದ ಪಾಠ ಒಪ್ಪಿಸಿದ್ದಾಳೆ, ಎರಡು ಸಲ ಬಂದಿತ್ತು ಎಂದು. ಪದೇಪದೇ ಬರುವ ಹೊಟ್ಟೆನೋವು, ಅಪೆಂಡಿಕ್ಸ್ ಇರಬಹುದು ಎಂದು ಸರ್ಜನ್‌ಗೆ ಕಳಿಸಿದ್ದಾರೆ. ಸರ್ಜನ್ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಗುರುವಾರ. ಅಂದರೆ ಇನ್ನು ಮೂರೇ ದಿನ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕಟ್ಟುವುದಷ್ಟೇ ಅಲ್ಲ, ಕೊಯ್ಯಲು ಹೊರಟಿದ್ದರು. ನಾನು ಕಾಗದದ ಮೇಲೆ ಹುಟ್ಟಿಸಿದ ನೋವನ್ನು ತೆಗೆಯಲು ಒಂದು ಮಗುವಿನ ಹೊಟ್ಟೆಗೆ ಚಾಕು ಹಾಕಲಿದ್ದರು. ನಿಜವಾದ ನೋವು ಎಲ್ಲಿತ್ತೋ ಅಲ್ಲೇ ಇತ್ತು, ಮೂರು ಸಲ ಬಂದು ಬಾಗಿಲು ತಟ್ಟಿ ಹೋಗಿತ್ತು. ನಾಲ್ಕನೆಯ ಸಲ ಆಸ್ಪತ್ರೆ ತಲುಪುವವರೆಗೆ ಅವಳು ಉಳಿದಿರುತ್ತಾಳೆ ಎಂದು ಯಾರು ಹೇಳಬೇಕು?

ಕೇಸ್ ಶೀಟ್ ಹಿಡಿದುಕೊಂಡು ನೇರ ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು, ಎದ್ದು ಬಾಗಿಲು ಹಾಕಿದರು.

“ಮೂರು ಸಲ ಪೊಲೀಸಿಗೆ ತಿಳಿಸಿಲ್ಲ. ಇದು ಹೊರಗೆ ಹೋದ್ರೆ ಆಸ್ಪತ್ರೆ ಗತಿ ಏನು ಸಿಸ್ಟರ್? ನಿಮ್ಮ ಕೆಲಸದ ಗತಿ ಏನು?”

“ಗುರುವಾರ ಆಪರೇಷನ್ ಇದೆ ಸರ್. ಅವಳಿಗೆ ಅಪೆಂಡಿಕ್ಸ್ ಇಲ್ಲ.”

“ಇಲ್ಲ ಅಂತ ನೀವು ಹೇಳ್ತೀರಿ. ಇರಬಹುದು ಅಂತ ಸರ್ಜನ್ ಹೇಳಿದಾರೆ. ಮತ್ತೆ ಅಪೆಂಡಿಕ್ಸ್ ತೆಗೆದ್ರೆ ಏನ್ ನಷ್ಟ ಹೇಳಿ? ಇದ್ದೂ ಉಪಯೋಗಕ್ಕೆ ಬರದೇ ಇರೋ ಪಾರ್ಟು. ಅವರ ಮನೆಯವರೇ ಒಪ್ಪಿದಾರೆ. ನಿಮಗ್ಯಾಕೆ?”

ಮೈ ಉರಿದುಹೋಯಿತು. ನವೆಂಬರಿನಲ್ಲಿ ಇದೇ ವಿನೋಬನಗರದ ದೊಡ್ಡ ಮನೆಯ ಹುಡುಗನೊಬ್ಬ ಬಂದಿದ್ದ. ಪಿ.ಯು.ಸಿ. ಓದುತ್ತಿದ್ದವನು. ಅವನೂ ಮಾಡಿಕೊಂಡದ್ದು ಇದನ್ನೇ. ಅವನಿಗೆ ಸ್ಪೆಷಲ್ ವಾರ್ಡು, ಕೇಸ್ ಶೀಟಿನಲ್ಲಿ ಫುಡ್ ಪಾಯ್ಸನಿಂಗ್. ಬಡವರಿಗೆ ಹೊಟ್ಟೆನೋವು, ಉಳ್ಳವರಿಗೆ ಫುಡ್ ಪಾಯ್ಸನಿಂಗ್, ಸುಳ್ಳಿನಲ್ಲೂ ದರ್ಜೆ ಇತ್ತು. ಮೂರನೆಯ ದಿನ ಇದೇ ಆಡಳಿತಾಧಿಕಾರಿಗಳು ಇದೇ ಮೇಜಿನ ಫೋನಿನಿಂದ ಬೆಂಗಳೂರಿನ ಮನೋವೈದ್ಯರಿಗೆ ಮಾತಾಡಿ, ಅವನನ್ನು ಕಾರಿನಲ್ಲಿ ಕಳಿಸಿದ್ದರು.

“ಆ ಹುಡುಗನ ಅಪೆಂಡಿಕ್ಸ್ ಯಾಕೆ ತೆಗೀಲಿಲ್ಲ ಸರ್?” ಎಂದೆ. “ಅವನ ನೋವು ತಲೆ ಒಳಗಿದೆ ಅಂತ ಬೇಗ ಗೊತ್ತಾಯ್ತಲ್ಲ ನಿಮಗೆ. ಇವಳದ್ದು ಮಾತ್ರ ಹೊಟ್ಟೇಲೇ ಇರಬೇಕಾ?”

“ಲಿಮಿಟ್ ಮೀರ್ತಿದೀರಿ ಸಿಸ್ಟರ್.”

“ಮೀರಿ ಹತ್ತು ವರ್ಷ ಆಯ್ತು ಸರ್, ಬರೆಯೋಕೆ ಶುರುಮಾಡಿದ ದಿನಾನೇ,” ಎಂದು ಹೊರಗೆ ಬಂದೆ.

ಸರ್ಜನ್‌ಗೆ ಹೇಳಿದರೆ ಅವರು ಇನ್ನೂ ತಣ್ಣಗೆ ಮಾತಾಡಿದರು. ನೀವು ಬಾಯಲ್ಲಿ ಹೇಳಿದ್ದನ್ನು ನಂಬಿ ಲಿಸ್ಟಿನಿಂದ ತೆಗೆಯಲಾರೆ, ಕೇಸ್ ಶೀಟ್ ಏನು ಹೇಳುತ್ತದೋ ಅದು ನನಗೆ ಆಧಾರ ಎಂದರು. ಅವರ ಮಾತು ತಪ್ಪಲ್ಲ. ಕಾಗದವೇ ಸುಳ್ಳು ಹೇಳುತ್ತಿತ್ತು.

ಮಂಗಳವಾರ ನನ್ನ ವಾರದ ರಜೆ. ಬೆಳಿಗ್ಗೆಯೇ ಭದ್ರಾವತಿಯ ಪ್ರೈವೇಟ್ ಬಸ್ ಹತ್ತಿದೆ. ಕಾಗದನಗರದಲ್ಲಿ ಇಳಿದಾಗ ಕಾಗದದ ಮಿಲ್ಲಿನ ಸೈರನ್ ಕೂಗುತ್ತಿತ್ತು, ಗಾಳಿಯಲ್ಲಿ ಬೆಂದ ಬಿದಿರಿನ ನಾತ. ಕ್ವಾರ್ಟರ್ಸ್ ಸಾಲಿನಲ್ಲಿ ಕೇಳುತ್ತ ಹೋದರೆ ಮನೆ ಬೇಗ ಸಿಕ್ಕಿತು. ತಾಯಿ ಹೊರಗಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಬಟ್ಟೆ ಕೈಯಲ್ಲಿ ಹಿಡಿದಂತೆಯೇ ನಿಂತಳು.

“ನಾಳೆ ಬಂದು ಅಡ್ಮಿಟ್ ಆಗ್ತೀವಲ್ಲ ಸಿಸ್ಟರೇ. ನೀವ್ಯಾಕೆ ಇಷ್ಟು ದೂರ ಬಂದ್ರಿ?”

“ಅವಳಿಗೆ ಹೊಟ್ಟೆನೋವಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಆಪರೇಷನ್‌ಗೆ ಹೇಗಮ್ಮ ಒಪ್ಪಿದ್ರಿ?”

ಅವಳು ಅಕ್ಕಪಕ್ಕದ ಬಾಗಿಲುಗಳನ್ನು ನೋಡಿದಳು. ದನಿ ತಗ್ಗಿಸಿದಳು.

“ನೀವೇ ಅಲ್ವಾ ಹೇಳಿದ್ದು? ಯಾರು ಕೇಳಿದ್ರೂ ಹೊಟ್ಟೆನೋವು ಅನ್ನಿ, ಬೇರೆ ಬಾಯಿ ಬಿಡಬೇಡಿ ಅಂತ. ಡಾಕ್ಟ್ರು ಕೇಳಿದ್ರು, ಹೇಳ್ದೆ. ಆಪರೇಷನ್ ಅಂದ್ರು. ಈಗ ಸುಳ್ಳು ಅಂದ್ರೆ ಪೊಲೀಸ್ನೋರು ಬರ್ತಾರಲ್ಲ, ಅದಕ್ಕೇ ಸುಮ್ಕಿದೀನಿ.”

ನನ್ನ ಮಾತು ನನ್ನ ಮುಖಕ್ಕೇ ಬಂದು ಬಡಿಯಿತು. ಮಗಳ ಹತ್ತಿರ ಸ್ವಲ್ಪ ಮಾತಾಡಬೇಕು, ಒಬ್ಬಳ ಹತ್ತಿರವೇ ಎಂದೆ. ಆ ಮನೆಯಲ್ಲಿ ಒಬ್ಬರೇ ಕೂರುವ ಜಾಗ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಸೆಕೆಂಡ್ ಶಿಫ್ಟಿಗೆ ಹೋಗಬೇಕಾದ ಗಂಡಸು ಮಲಗಿದ್ದ, ಹಿಂದಿನದರಲ್ಲಿ ಅಡುಗೆ, ಮಕ್ಕಳು, ಒಬ್ಬಳು ಅಜ್ಜಿ. ಹುಡುಗಿಯನ್ನು ಕರೆದುಕೊಂಡು ರಸ್ತೆಯ ಬಸ್ ಸ್ಟಾಪಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ಸಿನವನು ನಿಲ್ಲಿಸಿ ಹತ್ತಿ ಎಂದು ಕೈಬೀಸಿದ, ಹೋಗಪ್ಪ ಎಂದೆ.

ಸರ್ವೆ ಫಾರಂನಲ್ಲಿದ್ದ, ನಾನು ನಕ್ಕಿದ್ದ ಪ್ರಶ್ನೆಗಳೇ ಆಗ ಬಾಯಿಗೆ ಬಂದವು. “ಒಂಟಿ ಅನ್ಸುತ್ತಾ ನಿಂಗೆ?” ಎಂದೆ.

“ಒಬ್ಬಳೇ ಇರೋಕೆ ಜಾಗ ಎಲ್ಲಿದೆ ಸಿಸ್ಟರ್,” ಎಂದಳು. ಆಮೇಲೆ ಚಪ್ಪಲಿಯ ಬಾರನ್ನು ನೋಡುತ್ತ ತಾನೇ ಶುರುಮಾಡಿದಳು.

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಸೈನ್ಸ್ ತೆಗೆದುಕೊಳ್ಳುವ ಆಸೆ. ಅಪ್ಪ ಮಿಲ್ಲಿನಲ್ಲಿ ಕಂಟ್ರಾಕ್ಟ್ ಕೂಲಿ, ಅವನಿಗೆ ಕ್ವಾರ್ಟರ್ಸ್ ಇಲ್ಲ. ಮನೆ ಸೋದರಮಾವನ ಹೆಸರಿನದು, ಅವನು ಪರ್ಮನೆಂಟ್, ಮುಂದಿನ ಕೋಣೆಯಲ್ಲಿ ಮಲಗಿದ್ದವನು. ಅಕ್ಕನ ಸಂಸಾರಕ್ಕೆ ಜಾಗ ಕೊಟ್ಟ ತಮ್ಮ ಅಕ್ಕನ ಮಗಳನ್ನು ಕೇಳಿದ. ಅವನಿಗೆ ಮೂವತ್ತೆರಡು. ರಿಸಲ್ಟ್ ಬಂದ ತಿಂಗಳೇ ಓದು ನಿಲ್ಲಿಸಿ, ಶಿವರಾತ್ರಿ ಕಳೆದಮೇಲೆ ಮದುವೆ ಎಂದು ಮಾತಾಗಿತ್ತು. ಅವಳು ಬೇಡ ಎಂದು ಹೇಳಿದ್ದಳು. ಅಳುತ್ತ ಹೇಳಿದ್ದಳು, ಊಟ ಬಿಟ್ಟು ಹೇಳಿದ್ದಳು. ಯಾವ ಮಾತೂ ನಡೆಯದಿದ್ದಾಗ ಉಳಿದದ್ದು ಅದೊಂದೇ ಎಂದುಕೊಂಡಿದ್ದಳು.

“ಇದನ್ನ ಆಸ್ಪತ್ರೇಲಿ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.”

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

“ಗುರುವಾರದ ಆಪರೇಷನ್ ನಾನು ನಿಲ್ಲಿಸ್ತೀನಿ ಕಣಮ್ಮ,” ಎಂದೆ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. “ಬೇಡ ಸಿಸ್ಟರ್, ನಿಲ್ಲಿಸ್ಬೇಡಿ. ಹೊಟ್ಟೆ ಕೊಯ್ಸಿದ್ರೆ ಆರು ತಿಂಗಳು ಭಾರ ಎತ್ತಂಗಿಲ್ಲ ಅಂತೆ. ಮದುವೆ ಮುಂದಕ್ಕೆ ಹೋಗುತ್ತೆ. ಅದಕ್ಕೇ ನಾನೂ ಹೂಂ ಅಂದೆ.”

ಅಷ್ಟು ಜನ ದೊಡ್ಡವರ ನಡುವೆ ತನಗೆ ಆರು ತಿಂಗಳು ಗಳಿಸಿಕೊಳ್ಳಲು ಆ ಹುಡುಗಿಗೆ ಸಿಕ್ಕಿದ ದಾರಿ ಇಷ್ಟೇ. ದೊಡ್ಡ ಮನೆಯ ಗಂಡುಹುಡುಗನಿಗೆ ಬೆಂಗಳೂರಿನ ಮನೋವೈದ್ಯರು, ಇವಳಿಗೆ ಚಾಕು. ಆ ಚಾಕನ್ನೂ ಉಪಕಾರ ಎಂದು ಹಿಡಿದುಕೊಂಡಿದ್ದಳು. ಕುಟುಂಬದ ಆಸರೆ ಚೆನ್ನಾಗಿದೆಯಂತೆ, ನಕ್ಷೆಯಲ್ಲಿ ತೆಳು ಬಣ್ಣವಂತೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವತ್ತಿಗೂ ಅದು ಆರಿಲ್ಲ.

“ಮದುವೆ ನಿಲ್ಲಿಸೋಕೆ ಹೊಟ್ಟೆ ಕೊಯ್ಸಬೇಕಾಗಿಲ್ಲ. ನಾಳೆ ಬಾ, ಅಡ್ಮಿಟ್ ಆಗು. ನನ್ನ ಕಣ್ಣೆದುರಿಗಿರು. ಮತ್ತೆ ಏನಾದ್ರೂ ಹಾಗನ್ನಿಸಿದ್ರೆ ಮೊದಲು ನನಗೆ ಹೇಳ್ತೀಯಾ?” ಎಂದೆ. ತಲೆಯಾಡಿಸಿದಳು. ಬಾಯಲ್ಲಿ ಹೇಳು ಎಂದೆ. ಹೇಳ್ತೀನಿ ಎಂದಳು. ಮನೆಗೆ ವಾಪಸ್ ಬಿಟ್ಟು, ಅದುವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದು ತಾಯಿಗೆ ಎರಡೆರಡು ಸಲ ಹೇಳಿ ಬಸ್ ಹತ್ತಿದೆ.

ಬುಧವಾರ ಮಧ್ಯಾಹ್ನ ಅವಳು ಬಂದು ದಾಖಲಾದಳು. ನಾನು ಆಗ ರೆಕಾರ್ಡ್ ರೂಮಿನಲ್ಲಿ ಜೂನ್ ತಿಂಗಳ ಕೇಸ್ ಶೀಟ್ ಎದುರು ಕೂತಿದ್ದೆ. ಕೇಸ್ ಶೀಟಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ಮೇಲೆ ಗೀಚುವಂತಿಲ್ಲ. ತಪ್ಪಿದ್ದರೆ ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು, ವೇಳೆ ಹಾಕಬೇಕು. ಸಾವಿರ ಹುಡುಗಿಯರಿಗೆ ಇದನ್ನು ಕಲಿಸಿದ್ದೇನೆ. ಅಂದು ಪೆನ್ನು ಹಿಡಿದರೆ ಕೈ ಓಡಲಿಲ್ಲ. ಗೆರೆ ಹೊಡೆದರೆ ಪೊಲೀಸ್ ಚೀಟಿ ಹೋಗಲೇಬೇಕು. ಒಂಬತ್ತನೇ ಕ್ಲಾಸಿನ ಆ ಹುಡುಗನ ಮಂಚ, ಆ ಸ್ಟೂಲು ಕಣ್ಣೆದುರು ಬಂತು. ಇವಳನ್ನೂ ಅದೇ ಬಾಯಿಗೆ ಹಾಕುತ್ತಿದ್ದೇನಾ? ಹಾಕದಿದ್ದರೆ ನಾಳೆ ಟೇಬಲ್ ಮೇಲೆ ಮಲಗಿಸುತ್ತಾರೆ. ಅದು ಮುಗಿದು ಆರು ತಿಂಗಳಿಗೆ ಮತ್ತೆ ಮದುವೆ, ಮತ್ತೆ ನಾಲ್ಕನೆಯ ಸಲ.

ಗೆರೆ ಹೊಡೆದೆ. ‘ಹೊಟ್ಟೆನೋವು ಎಂದು ನಾನು ತಿಳಿದೂ ತಪ್ಪು ಬರೆದಿದ್ದೆ’ ಎಂದು ಬರೆದು, ನಿಜವನ್ನು ಅದರ ಕೆಳಗೆ ಬರೆದೆ. ಸಹಿ, ತಾರೀಖು, ವೇಳೆ. ಉಳಿದೆರಡು ಶೀಟುಗಳ ಸಿಸ್ಟರುಗಳನ್ನು ಎಳೆಯಬಾರದೆಂದು, ಆ ಎರಡು ಸಲವೂ ಹಾಗೆ ಬರೆದದ್ದು ನಾನು ಕಲಿಸಿದ ಪದ್ಧತಿಯಂತೆ ಎಂದು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಒಂದು ಪ್ರತಿ ಸರ್ಜನ್‌ಗೆ, ಒಂದು ಆಡಳಿತಾಧಿಕಾರಿಗಳಿಗೆ, ಚೀಟಿ ಠಾಣೆಗೆ.

ಸರ್ಜನ್ ಓದಿ, ಲಿಸ್ಟಿನ ಬೋರ್ಡಿನ ಹತ್ತಿರ ಹೋಗಿ ಅವಳ ಹೆಸರನ್ನು ತಾವೇ ಒರೆಸಿದರು. “ಥ್ಯಾಂಕ್ಸ್ ಸಿಸ್ಟರ್,” ಎಂದರು, “ನಾಳೆ ಏನೂ ಇಲ್ಲದ ಹೊಟ್ಟೆ ಕೊಯ್ದಿರ್ತಿದ್ದೆ.” ಆಡಳಿತಾಧಿಕಾರಿಗಳು ಕರೆಸಿ, ನಿಮಗೆ ಹುಚ್ಚು ಹಿಡಿದಿದೆಯಾ ಎಂದು ಕೇಳಿದರು. ಹಿಡಿದಿದೆ ಎಂದೆ.

ಗುರುವಾರ ಬೆಳಿಗ್ಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ವಯಸ್ಸಾದವರು, ಕಂಕುಳಲ್ಲಿ ಫೈಲು. ನಾನು ಬಾಗಿಲಲ್ಲೇ ಅಡ್ಡ ನಿಂತೆ. ಹುಡುಗಿಯ ಹತ್ತಿರ ಮಾತಾಡುವಾಗ ನಾನಿರಬೇಕು, ಮನೆಯವರು ಇರಬಾರದು, ಠಾಣೆಗೆ ಕರೆಸಬಾರದು ಎಂದೆ. ಜಗಳಕ್ಕೆ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತಿದ್ದೆ. ಅವರು ನನ್ನನ್ನು ಕೂರಿಸಿ, ತಾವೂ ಕೂತು ಪೆನ್ನು ತೆಗೆದರು.

“ಯಾಕ್ ಸಿಸ್ಟರ್ ಇಷ್ಟೆಲ್ಲ? ಹುಡುಗಿ ಬದುಕಿದಾಳೆ, ಚೆನ್ನಾಗಿದಾಳೆ. ಕೇಸು, ಕೋರ್ಟು, ಯಾರಿಗೆ ಬೇಕು? ‘ಹೊಟ್ಟೆನೋವು ತಾಳಲಾರದೆ’ ಅಂತ ಬರ್ಕೊಂಡು ಮುಗಿಸಿಬಿಡ್ತೀನಿ. ನಾವೆಲ್ಲ ಬರೆಯೋದು ಹಾಗೇ.”

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಯಾರಿಗೆ ಹೆದರಿ ಇಷ್ಟು ವರ್ಷ ಸುಳ್ಳು ಬರೆದೆನೋ ಅವರೂ ಅದೇ ಸುಳ್ಳು ಬರೆಯಲು ಕೂತಿದ್ದರು. ಆಸ್ಪತ್ರೆಯವರು ಠಾಣೆಗೆ ಹೆದರಿ, ಠಾಣೆಯವರು ಕೋರ್ಟಿಗೆ ಬೇಸತ್ತು, ಮನೆಯವರು ಅಕ್ಕಪಕ್ಕದವರಿಗೆ ಹೆದರಿ, ಎಲ್ಲರೂ ಸೇರಿ ಜಿಲ್ಲೆಯ ಮಕ್ಕಳಿಗೆಲ್ಲ ಹೊಟ್ಟೆನೋವು ಬರಿಸಿದ್ದೆವು.

“ಸ್ವಾಮಿ, ಅದನ್ನ ಬರೀಬೇಡಿ,” ಎಂದೆ. “ಬೇರೆ ಒಂದು ಅಪರಾಧ ಹೇಳ್ತೀನಿ, ಅದನ್ನ ಬರ್ಕೊಳ್ಳಿ. ಹುಡುಗಿಗೆ ಹದಿನಾರು. ಶಿವರಾತ್ರಿ ಆದಮೇಲೆ ಮದುವೆ ಇಟ್ಕೊಂಡಿದಾರೆ. ಹದಿನೆಂಟಾಗದೆ ಮಾಡಿದ್ರೆ ತಪ್ಪಲ್ವಾ? ಸಾಯೋಕೆ ಹೋದವಳನ್ನ ಹಿಡಿಯೋಕೆ ಕಾನೂನಿದೆ, ಸಾಯೋ ಹಾಗೆ ಮಾಡಿದವರಿಗೂ ಒಂದಿರಬೇಕಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ನನಗೂ ಇದೇ ವಯಸ್ಸಿನವಳು ಒಬ್ಬಳಿದಾಳೆ,” ಎಂದರು. ಹುಡುಗಿಯನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಕೂರಿಸಿ, ಟೋಪಿ ತೆಗೆದು ಪಕ್ಕಕ್ಕಿಟ್ಟು ಮಾತಾಡಿದರು. ಆಮೇಲೆ ಕಾಗದನಗರಕ್ಕೆ ಹೋಗಿ ಸೋದರಮಾವನನ್ನು ಕರೆದು, ಮದುವೆ ನಡೆದರೆ ಮಿಲ್ಲಿನ ಗೇಟಿನಲ್ಲೇ ಕೈಹಿಡಿದು ಎಳೆದೊಯ್ಯುತ್ತೇನೆ ಎಂದರಂತೆ. ಹುಡುಗಿಯ ಮೇಲೆ ಕೇಸು ನಡೆಸಲಿಲ್ಲ. ನಾನು ಆಡಳಿತಾಧಿಕಾರಿಗಳ ಹಿಂದೆ ಬಿದ್ದು, ಊರಿನಲ್ಲೇ ಇದ್ದ ಒಬ್ಬ ಮನೋವೈದ್ಯರಿಗೆ ಅದೇ ಮೇಜಿನ ಫೋನಿನಿಂದ ಮಾತಾಡಿಸಿದೆ. ಅವಳು ಪ್ರತಿ ಶನಿವಾರ ಬಸ್ಸಿನಲ್ಲಿ ಬಂದು ಅವರನ್ನು ನೋಡಿಕೊಂಡು, ಹೋಗುವಾಗ ನನಗೆ ಮುಖ ತೋರಿಸಿ ಹೋಗುತ್ತಿದ್ದಳು.

ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಸೋದರಮಾವ ಮನೆ ಬಿಡಿಸಿದ. ಅವರು ಒಂದೇ ಕೋಣೆಯ ಬಾಡಿಗೆ ಮನೆಗೆ ಹೋದರು. ತಾಯಿ ಒಂದು ದಿನ ಬಂದು, “ತಲೆ ಮೇಲಿನ ಸೂರು ತೆಗೆದ್ರಿ ಸಿಸ್ಟರೇ, ನಿಮಗೆ ಒಳ್ಳೇದಾಗಲಿ,” ಎಂದು ಹೇಳಿ ಹೋದಳು. ಅದು ಆಶೀರ್ವಾದವಲ್ಲ ಎಂದು ನನಗೆ ತಿಳಿಯಿತು.

ಸರ್ವೆಯ ಕತೆ ಇನ್ನೂ ಇದೆ. ಸಿಸ್ಟರುಗಳನ್ನೆಲ್ಲ ಕೂರಿಸಿ, ಆಯಾಳ ನೆನಪನ್ನೂ ಸೇರಿಸಿ, ವರ್ಷದ ಹೊಟ್ಟೆನೋವುಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಸೊನ್ನೆ ಇದ್ದ ಮನೆಯಲ್ಲಿ ಕೊನೆಗೆ ಬಂದ ಸಂಖ್ಯೆಯನ್ನು ಇಲ್ಲಿ ಬರೆಯಲಾರೆ. ಬರೆದುಕೊಳ್ಳುವಾಗ ಒಬ್ಬಳು ಚಿಕ್ಕ ಸಿಸ್ಟರ್ ಎದ್ದು ಹೊರಗೆ ಹೋದಳು. ಅದರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಹೊಸ ಫಾರಂಗಳನ್ನು ಸರ್ವೆ ಡಾಕ್ಟರಿಗೆ ಕೊಟ್ಟೆ. ಒಳ್ಳೆಯ ಹುಡುಗ, ಮೇಲಿನವರಿಗೆ ಎರಡು ಸಲ ಫೋನ್ ಮಾಡಿದರು.

“ತಗೊಳೋಕಾಗಲ್ಲ ಅಂತಾರೆ ಸಿಸ್ಟರ್. ಆ ದಿನ ಕೇಸ್ ಶೀಟಲ್ಲಿ ಏನು ಬರೆದಿತ್ತೋ ಅದು ಮಾತ್ರ ಲೆಕ್ಕಕ್ಕೆ. ನೆನಪಿಂದ ತಿದ್ದಿದ್ದು ಬರಲ್ಲ. ಎಲ್ಲಾ ದೇಶಕ್ಕೂ ಒಂದೇ ರೂಲು.”

“ಆ ದೇಶಗಳಲ್ಲಿ ಬರೆದ್ರೆ ಪೊಲೀಸ್ ಬರ್ತಾರಾ?”

“ಇಲ್ಲ. ಕೌನ್ಸೆಲರ್ ಬರ್ತಾರೆ.”

“ಹಾಗಾದ್ರೆ ಒಂದೇ ರೂಲು ಹೆಂಗಪ್ಪ ಆಯ್ತು?” ಎಂದೆ.

ವರದಿ ಒಂದೂವರೆ ವರ್ಷದ ಮೇಲೆ ಬಂತು. ಹೊಳೆಯುವ ಕಾಗದ, ಕೊನೆಯ ಪುಟದಲ್ಲಿ ಆಸ್ಪತ್ರೆಯ ಹೆಸರು. ನಕ್ಷೆಯಲ್ಲಿ ನಮ್ಮ ಕಡೆ ಅದೇ ತೆಳು ಬಣ್ಣ. ಅದನ್ನು ನೋಡಿ ಯಾವ ದೇಶದ ಯಾವ ದೊರೆ ನಮ್ಮ ಮಕ್ಕಳಿಗೆಂದು ಒಬ್ಬ ಡಾಕ್ಟರನ್ನು ಕಳಿಸಿಯಾನು? ಆಡಳಿತಾಧಿಕಾರಿಗಳು ಅದನ್ನು ಗಾಜಿನ ಬೀರುವಿನಲ್ಲಿ ಇಟ್ಟರು. ನನ್ನನ್ನು ಅಷ್ಟರಲ್ಲಿ ಕ್ಯಾಶುಯಲ್ಟಿಯಿಂದ ತೆಗೆದು ಹೊರರೋಗಿಗಳ ಇಂಜೆಕ್ಷನ್ ರೂಮಿಗೆ ಹಾಕಿದ್ದರು.

ಅದೇ ವಾರ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಓ.ಪಿ. ಚೀಟಿ ಬಂತು. ಹೆಸರು ಓದಿದೆ. ಈ ಸಲ ನಿಜವಾದ ಹೆಸರೇ ಇತ್ತು. ಅದರ ಕೆಳಗೆ, ಹೊಟ್ಟೆನೋವು, ವಾಂತಿ. ಇಂಜೆಕ್ಷನ್ ಕೊಡಿ ಎಂದು ಡಾಕ್ಟರು ಬರೆದಿದ್ದರು.

ತಲೆಯೆತ್ತಿದರೆ ಅವಳು ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಾಳೆ, ಕಾಲೇಜಿನ ಬ್ಯಾಗು ಹೆಗಲಲ್ಲಿ. ಹಿಂದೆ ತಾಯಿ. ನಾನು ಏನೂ ಹೇಳುವ ಮೊದಲೇ ತಾಯಿ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು, ತಾನೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ನಾನು ಬಾಗಿಲು ಹಾಕಿದೆ.

“ಹೇಳು,” ಎಂದೆ.

“ನಿಜವಾಗ್ಲೂ ಹೊಟ್ಟೆನೋವೇ ಸಿಸ್ಟರ್. ನಿನ್ನೆ ಕಾಲೇಜ್ ಹತ್ರ ಗಾಡೀಲಿ ಮಸಾಲೆಪುರಿ ತಿಂದೆ. ಎರಡು ಪ್ಲೇಟು.”

ಅವಳ ಕಣ್ಣನ್ನೇ ನೋಡಿದೆ. ಇನ್ನೊಂದು ಸಲ ಕೇಳಿದೆ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಅವಳು ನಗುತ್ತಲೇ ಎಲ್ಲದಕ್ಕೂ ಉತ್ತರ ಕೊಟ್ಟಳು, ನೋವಿಗೆ ನಡುನಡುವೆ ಮುಖ ಕಿವುಚುತ್ತ. ಹೊರಗೆ ಕ್ಯೂನಲ್ಲಿದ್ದವರು ಬಾಗಿಲು ತಟ್ಟಿದರು. ತಟ್ಟಲಿ ಎಂದು ಬಿಟ್ಟೆ. ಆಮೇಲೆ ಇಂಜೆಕ್ಷನ್ ಕೊಟ್ಟು, ರಿಜಿಸ್ಟರ್ ಎಳೆದುಕೊಂಡು, ಅವಳ ಹೆಸರಿನ ಮುಂದೆ ಹೊಟ್ಟೆನೋವು ಎಂದು ಬರೆದು ಸಹಿ ಹಾಕಿದೆ.